ವೆಳ್ಳಮುಂಡದಲ್ಲಿ ಮನೆ ಹಿಡಿದ ಹೊಸ ಮೇಷ್ಟರಿಗೆ

ಕೇರಳ ಸರ್ಕಾರದ ಕಾಲೇಜು ನೌಕರಿ ಎಂದಮೇಲೆ ಊರೂರು ತಿರುಗುವುದು ಇದ್ದದ್ದೇ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ನೆಟ್ ಪಾಸು ಮಾಡಿ, ಮಾನಂದವಾಡಿಗೆ ಹಾಕಿದರೆಂದು ವೆಳ್ಳಮುಂಡದಲ್ಲಿ ಬಾಡಿಗೆ ಮನೆ ಹಿಡಿದು, ದಿನಾ ಎಟ್ಟೇನಾಲು ಸ್ಟಾಪಿನಲ್ಲಿ ಬಸ್ಸು ಹತ್ತುವ ನಿಮ್ಮಂಥವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪಾಠ ಮಾಡುವುದನ್ನು ನಿಮಗೆ ಯಾರೂ ಕಲಿಸಿಲ್ಲ. ಬೇಜಾರು ಬೇಡ, ನಮಗೂ ಕಲಿಸಿರಲಿಲ್ಲ. ಒಂದನೇ ಕ್ಲಾಸಿಗೆ ಅಕ್ಷರ ಹೇಳಿಕೊಡುವವರು ಟಿಟಿಸಿಯೋ ಡಿ.ಎಡ್ಡೋ ಮಾಡಿರಬೇಕು, ಹೈಸ್ಕೂಲಿಗೆ ಬಿ.ಎಡ್. ಬೇಕು. ಎಂ.ಎ. ಕ್ಲಾಸಿಗೆ ಹೋಗುವವರಿಗೆ ಮಾತ್ರ ಅಂಥದ್ದೇನೂ ಬೇಡ. ನೆಟ್ಟಿನ ಮೊದಲ ಪತ್ರಿಕೆಯ 50 ಪ್ರಶ್ನೆಗಳಲ್ಲಿ ಬೋಧನೆಯ ಬಗ್ಗೆಯೂ ಒಂದಷ್ಟು ಇರುತ್ತವೆ. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಮುಗಿಯಿತು.

ಈ ಕೊರತೆ ದೆಹಲಿಗೆ ಗೊತ್ತಿರಲಿಲ್ಲವೆಂದಲ್ಲ. 1986ರ ಶಿಕ್ಷಣ ನೀತಿಯ ಬೆನ್ನಿಗೇ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಆಮೇಲೆ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು, 2023ರಿಂದ ಮಾಳವೀಯ ಮಿಷನ್ ಹೆಸರಿನಲ್ಲಿ ನಡೆಯುತ್ತಿವೆ. ಹೋಗಿ ಬನ್ನಿ. ಒಳ್ಳೆಯ ಭಾಷಣ ಸಿಗುತ್ತದೆ, ಬೇರೆ ಊರಿನ ಗೆಳೆಯರು ಸಿಗುತ್ತಾರೆ, ಬಡ್ತಿಗೆ ಬೇಕಾದ ಸರ್ಟಿಫಿಕೇಟೂ ಸಿಗುತ್ತದೆ. ಸಿಗದೆ ಉಳಿಯುವುದು ಒಂದೇ. ನೀವು ಸೋಮವಾರ ಬೆಳಿಗ್ಗೆ ಕ್ಲಾಸಿನಲ್ಲಿ ಏನು ಮಾಡುತ್ತೀರಿ ಎಂದು ಅಲ್ಲಿ ಯಾರೂ ನೋಡಿರುವುದಿಲ್ಲ.

ಹಾಗಾದರೆ ನೋಡಬೇಕಾದದ್ದು ಏನು? ಪಾಠ ಯಾರಿಗೆ ಮುಟ್ಟುತ್ತಿಲ್ಲ ಎಂಬುದು. ವಯನಾಡಿನಲ್ಲಿ ಅದು ಬೇರೆ ಊರಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಶೇ. 18.5ರಷ್ಟು ಜನ ಪರಿಶಿಷ್ಟ ಪಂಗಡದವರು. ಕೇರಳದಲ್ಲಿ ಇಷ್ಟು ಪ್ರಮಾಣ ಬೇರೆಲ್ಲೂ ಇಲ್ಲ. ಪಣಿಯರು, ಕುರಿಚ್ಯರು, ಅಡಿಯರು, ಮುಳ್ಳುಕುರುಮರು, ಕಾಟ್ಟುನಾಯ್ಕರು. ಅಡಿಯರೆಂದರೆ ಬೇರಾರೂ ಅಲ್ಲ, ಕೊಡಗಿನಲ್ಲಿ ನಾವು ಎರವರೆನ್ನುವವರೇ. ಕಾಟ್ಟುನಾಯ್ಕರ ಮನೆಮಾತು ಕೇಳಿದರೆ ಕನ್ನಡದವರ ಕಿವಿ ನೆಟ್ಟಗಾಗುತ್ತದೆ, ನಮ್ಮ ಜೇನುಕುರುಬರ ಮಾತಿಗೆ ಅಷ್ಟು ಹತ್ತಿರ. (ಗಡಿಯ ಬಾವಲಿ ಚೆಕ್‌ಪೋಸ್ಟಿಗೆ ಕನ್ನಡ ಮುಗಿಯಿತು ಎಂದುಕೊಂಡಿರುವವರು ಒಮ್ಮೆ ಈ ಕಡೆ ಬಂದು ಹೋಗಲಿ.) ಇಂಥ ಮನೆಯ ಹುಡುಗಿ ಶಾಲೆಯಲ್ಲಿ ಮಲಯಾಳ ಕಲಿತಳು. ಈಗ ಕಾಲೇಜಿನಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದು ಕೂತಿದ್ದಾಳೆ. ಪುಟ್ಟ ಮಕ್ಕಳಿಗಾಗಿ ಸರ್ಕಾರ 2017ರಲ್ಲಿ ‘ಗೋತ್ರಬಂಧು’ ಯೋಜನೆ ತಂದು, ಬುಡಕಟ್ಟಿನವರನ್ನೇ ಪ್ರಾಥಮಿಕ ಶಾಲೆಗಳಿಗೆ ಶಿಕ್ಷಕರನ್ನಾಗಿ ನೇಮಿಸಿತು. ಒಳ್ಳೆಯ ಕೆಲಸ. ಆದರೆ ಆ ಬಂಧು ಕಾಲೇಜಿನ ಗೇಟಿನವರೆಗೆ ಬರುವುದಿಲ್ಲ. ಅಲ್ಲಿಂದಾಚೆಗೆ ನೀವೇ.

ನಿಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡವೇ ಬಾರದ ಮೇಷ್ಟರನ್ನು ಹಾಕಿದಾಗ ತಾಯ್ತಂದೆಯರು ಶಾಲೆಯ ಮುಂದೆ ಧರಣಿ ಕೂತದ್ದನ್ನು ನೋಡಿದವರು ನೀವು. ಗಣಿತದ ಮೇಷ್ಟರು ಬೋರ್ಡಿನ ಮೇಲೆ ಬರೆಯುತ್ತಲೇ ಇರುತ್ತಾರೆ, ಮಕ್ಕಳು ತಲೆಯಾಡಿಸುತ್ತಲೇ ಇರುತ್ತಾರೆ, ಯಾರಿಗೂ ಏನೂ ಹತ್ತುವುದಿಲ್ಲ. ಮಾನಂದವಾಡಿಯ ನಿಮ್ಮ ಕ್ಲಾಸಿನಲ್ಲಿ ಆ ಮೇಷ್ಟರ ಜಾಗದಲ್ಲಿ ನಿಂತಿರುವವರು ನೀವು. ತಲೆಯಾಡಿಸುವುದನ್ನು ನಂಬಬೇಡಿ.

ಕೆಲವು ಸಣ್ಣ ಸಂಗತಿಗಳನ್ನು ಹೇಳುತ್ತೇನೆ, ಸಣ್ಣವೆಂದು ತಳ್ಳಿಹಾಕಬೇಡಿ. “ಇ-ಗ್ರಾಂಟ್ಸ್‌ನವರು ಎದ್ದು ನಿಲ್ಲಿ” ಎಂದು ಕ್ಲಾಸಿನಲ್ಲಿ ಯಾವತ್ತೂ ಕೂಗಬೇಡಿ. ಆ ವಿದ್ಯಾರ್ಥಿವೇತನ ಯಾರಿಗೆ ಬರುತ್ತದೆಂದು ಇಡೀ ಕ್ಲಾಸಿಗೆ ಗೊತ್ತು. ಎದ್ದು ನಿಂತವನು ಜಾತಿ ಹೇಳಿಕೊಂಡಂತೆ. ಕಾಗದಕ್ಕೆ ಸಹಿ ಬೇಕಿದ್ದರೆ ಕೋಣೆಗೆ ಕರೆಯಿರಿ. ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಬಾಯಲ್ಲೂ ಹೇಳಿ, ಹೇಳುವಾಗ ಕ್ಲಾಸಿನ ಕಡೆ ಮುಖ ಮಾಡಿ. ಕಣ್ಣು ಕಾಣದವನಿಗೆ ಮೊದಲನೆಯದು, ತುಟಿ ನೋಡಿ ಅರ್ಥ ಮಾಡಿಕೊಳ್ಳುವವಳಿಗೆ ಎರಡನೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಶೇ. 5ರಷ್ಟು ಸೀಟು ಕೊಟ್ಟಿದೆ. ಸೀಟು ಕೊಡುವುದು ಕಾಯ್ದೆ, ಪಾಠ ಮುಟ್ಟಿಸುವುದು ನಿಮ್ಮ ಬಾಯಿ. ನಾಳೆಯ ಪಾಠದಲ್ಲಿ ಬರುವ ಹತ್ತು ಕಷ್ಟದ ಮಾತುಗಳನ್ನು ಇವತ್ತೇ ಕೊಟ್ಟು ಕಳಿಸಿ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ. ಮುಂದಿನ ಬೆಂಚಿನವನ ಕೈ ಮೇಲೆದ್ದ ಕೂಡಲೇ ಅವನ ಹೆಸರು ಹಿಡಿದರೆ, ಉಳಿದವರು ಯೋಚಿಸುವುದನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಮಾರ್ಚಿನಲ್ಲಿ ವಳ್ಳಿಯೂರ್‌ಕಾವು ದೇವಸ್ಥಾನದ ಉತ್ಸವ 14 ದಿನ ನಡೆಯುತ್ತದೆ. ಒಂದು ಕಾಲಕ್ಕೆ ಜಮೀನ್ದಾರರು ಪಣಿಯರನ್ನೂ ಅಡಿಯರನ್ನೂ ವರ್ಷದ ಜೀತಕ್ಕೆ ಗೊತ್ತು ಮಾಡಿಕೊಳ್ಳುತ್ತಿದ್ದ ಜಾಗ ಅದು. ಇವತ್ತು ಆ ಮನೆಯ ಮಕ್ಕಳಿಗೆ ಅದು ನಂಟರಿಷ್ಟರು ಸೇರುವ ಹಬ್ಬ. ಇಂಟರ್ನಲ್ ಟೆಸ್ಟನ್ನು ಆ ದಿನಗಳಲ್ಲೇ ಇಟ್ಟು, ಗೈರಾದವರಿಗೆ ಶಿಸ್ತಿಲ್ಲ ಎಂದು ಬರೆಯಬೇಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲೂ ಹಾಜರಿ ಪುಸ್ತಕ ಮುಚ್ಚುವ ಮುಂಚೆ ಒಂದು ಮಾತು ಕೇಳಿ.

ಇಷ್ಟಕ್ಕೇ ‘ಮಟ್ಟ ಇಳಿಸುತ್ತಿದ್ದೀರಿ’ ಎನ್ನುವ ಸಹೋದ್ಯೋಗಿ ಒಬ್ಬರು ಸ್ಟಾಫ್ ರೂಮಿನಲ್ಲಿ ಇದ್ದೇ ಇರುತ್ತಾರೆ. ಕಷ್ಟದ ಪ್ರಶ್ನೆ ಬೇಡ ಎಂದು ನಾನು ಹೇಳಲಿಲ್ಲ. ಕಷ್ಟ ವಿಷಯದಲ್ಲಿರಲಿ, ಮೇಷ್ಟರ ನಡವಳಿಕೆಯಲ್ಲಿ ಬೇಡ. ಇದೇ ಜಿಲ್ಲೆಯ ಪೊಳುತನದ ಶ್ರೀಧನ್ಯಾ ಸುರೇಶ್ 2018ರ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ 410ನೇ ರ‍್ಯಾಂಕ್ ಪಡೆದರು, ಕೇರಳದ ಬುಡಕಟ್ಟುಗಳಿಂದ ಆ ಪರೀಕ್ಷೆ ಗೆದ್ದ ಮೊದಲ ಮಹಿಳೆ. ಆದರೆ ಅವರ ಹೆಸರು ಹಿಡಿದು “ಅವರಿಗಾದದ್ದು ನಿನಗೇಕಾಗದು” ಎಂದು ಯಾರನ್ನೂ ಚುಚ್ಚಬೇಡಿ. ಒಬ್ಬರ ಗೆಲುವು ಇನ್ನೊಬ್ಬರ ಮೇಲೆ ಹೊರಿಸುವ ಆಪಾದನೆಯಾಗಬಾರದು.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ವಿಷಯ. ಇದನ್ನೆಲ್ಲ ಒಬ್ಬರೇ ಮಾಡಲು ಹೋಗಬೇಡಿ, ಎರಡು ವರ್ಷಕ್ಕೆ ಸುಸ್ತಾಗುತ್ತೀರಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ 1962ರಲ್ಲೇ ಪ್ರಾಧ್ಯಾಪಕರ ಪಾಠಕ್ಕೆಂದೇ ಒಂದು ಕೇಂದ್ರ ತೆರೆಯಿತು. ಸೆಮಿಸ್ಟರಿನ ನಡುವೆ ಮೇಷ್ಟರೇ ಕರೆದರೆ ಅಲ್ಲಿಯವರು ಕ್ಲಾಸಿಗೆ ಬರುತ್ತಾರೆ, ಮೇಷ್ಟರನ್ನು ಹೊರಗೆ ಕಳಿಸಿ ವಿದ್ಯಾರ್ಥಿಗಳನ್ನು ಮಾತಾಡಿಸುತ್ತಾರೆ. ಕೇಳಿದ್ದು ಮೇಷ್ಟರ ಕಿವಿಗೆ ಮಾತ್ರ, ಪ್ರಿನ್ಸಿಪಾಲರ ಫೈಲಿಗಲ್ಲ. ಇದಕ್ಕೆ ಅಮೆರಿಕದ ದುಡ್ಡೇನೂ ಬೇಡ. ನಿಮ್ಮ ಡಿಪಾರ್ಟ್‌ಮೆಂಟಿನವರೋ ಪಕ್ಕದವರೋ ಒಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂರಲಿ. ಒಂದು ಹಾಳೆಯಲ್ಲಿ ಬೆಂಚುಗಳ ನಕ್ಷೆ ಬರೆದುಕೊಂಡು, ಯಾರು ಮಾತಾಡಿದರೋ ಅಲ್ಲೊಂದು ಗೆರೆ ಹಾಕಲಿ. ಗಂಟೆ ಮುಗಿದಾಗ ಒಂದೂ ಗೆರೆಯಿಲ್ಲದ ಜಾಗಗಳು ಯಾವುವು, ಅಲ್ಲಿ ಯಾರು ಕೂತಿದ್ದರು ಎಂದು ಇಬ್ಬರೂ ಚಹಾ ಕುಡಿಯುತ್ತ ನೋಡಿ. ಮುಂದಿನ ವಾರ ನೀವು ಅವರ ಕ್ಲಾಸಿಗೆ ಹೋಗಿ. ಆ ಹಾಳೆ ಬಡ್ತಿಯ ಅಂಕಕ್ಕೆ ಸೇರಬಾರದು, ಸೇರಿದ ದಿನವೇ ಎಲ್ಲರೂ ನಾಟಕ ಶುರುಮಾಡುತ್ತಾರೆ.

ಹಿರಿಯರು ಬರಲೊಪ್ಪದಿದ್ದರೆ ನಿಮ್ಮ ಜೊತೆ ಸೇರಿದ ಹೊಸಬರನ್ನೇ ಕರೆಯಿರಿ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಒಬ್ಬರಾದರೂ ನಿಮ್ಮ ಪಾಠ ಕೇಳಿರಲಿ.