ಸಿಲೋನ್ ಒಳಗಿನ ಸಿಂಹ

ಪ್ರಶ್ನೆ: ನಮ್ಮ ತಂದೆಯವರ ಬಾಯಲ್ಲಿ ಶ್ರೀಲಂಕಾ ಈಗಲೂ ಸಿಲೋನೇ. ಅದು ಬ್ರಿಟಿಷರು ಇಟ್ಟ ಹೆಸರೇ? ಬದಲಾದದ್ದು ಯಾವಾಗ?

ಉತ್ತರ: ಬ್ರಿಟಿಷರು ಇಟ್ಟದ್ದಲ್ಲ, ಪರದೇಶಿಗಳ ನಾಲಿಗೆಯಲ್ಲಿ ಸವೆದು ಉಳಿದದ್ದು. ಮೂಲ ನಮಗೆಲ್ಲ ಗೊತ್ತಿರುವ ‘ಸಿಂಹಳ’ವೇ. ಪಾಲಿಯಲ್ಲಿ ಅದು ‘ಸೀಹಳ’. 1505ರಲ್ಲಿ ಬಂದಿಳಿದ ಪೋರ್ಚುಗೀಸರ ಬಾಯಲ್ಲಿ ಅದು ‘ಸೈಲಾಂವ್’ ಆಯಿತು; ಡಚ್ಚರನ್ನು ದಾಟಿ ಇಂಗ್ಲಿಷರ ಕೈಗೆ ಬರುವಷ್ಟರಲ್ಲಿ ‘ಸಿಲೋನ್’. ಇವರೆಲ್ಲರಿಗಿಂತ ಬಹಳ ಮೊದಲೇ ಅರಬ್ ನಾವಿಕರು ‘ಸಿಂಹಳದ್ವೀಪ’ವನ್ನು ‘ಸರಂದೀಬ್’ ಮಾಡಿಕೊಂಡಿದ್ದರು. ಬಾಲದಲ್ಲಿರುವ ‘ದೀಬ್’ ನಮ್ಮ ದ್ವೀಪವೇ! ಆ ನಾಡಿನ ಮೂವರು ರಾಜಕುಮಾರರ ಕಥೆಯನ್ನು ಓದಿದ್ದ ಹೊರೇಸ್ ವಾಲ್ಪೋಲ್ 1754ರಲ್ಲಿ ಗೆಳೆಯನಿಗೆ ಬರೆದ ಪತ್ರವೊಂದರಲ್ಲಿ ‘ಸೆರೆಂಡಿಪಿಟಿ’ ಎಂಬ ಪದ ಹೊಸೆದ. ಹುಡುಕದೆ ಸಿಕ್ಕ ಭಾಗ್ಯಕ್ಕೆ ಇಂಗ್ಲಿಷಿನವರು ಬಳಸುವ ಆ ಮಾತಿನೊಳಗೂ ಒಂದು ಸಿಂಹ ಅವಿತಿದೆ.

ಸಿಂಹ ಎಲ್ಲಿಂದ ಬಂತು ಎಂದರೆ, ‘ಮಹಾವಂಸ’ ಹೇಳುವ ಕಥೆಯಿಂದ. ದ್ವೀಪಕ್ಕೆ ಬಂದ ವಿಜಯನ ತಂದೆ ಸಿಂಹವನ್ನು ಕೊಂದವನಂತೆ. ಅವನ ಕಡೆಯವರು ಸೀಹಳರಾದರು. ವಿಜಯನ ಸಂಗಡಿಗರು ದಡದಲ್ಲಿ ಅಂಗೈ ಊರಿ ಕೂತಾಗ ಕೆಮ್ಮಣ್ಣು ಮೆತ್ತಿ ಕೈ ತಾಮ್ರದ ಬಣ್ಣಕ್ಕೆ ತಿರುಗಿತು, ಹಾಗಾಗಿ ‘ತಂಬಪಣ್ಣಿ’ ಎಂಬ ಹೆಸರೂ ಬಂತು ಎನ್ನುತ್ತದೆ ಅದೇ ಗ್ರಂಥ. ಕಥೆ ಕಥೆಯೇ ಇರಬಹುದು, ಹೆಸರು ಮಾತ್ರ ಹಳೆಯದು: ಅಶೋಕನ ಶಾಸನಗಳಲ್ಲಿದೆ, ಗ್ರೀಕರ ‘ತಪ್ರೊಬಾನೆ’ಯೂ ಅದೇ.

ಇನ್ನು ಲಂಕೆ. ರಾವಣನ ಲಂಕೆ ಇದೇ ಹೌದೋ ಅಲ್ಲವೋ ಎಂಬ ವಿದ್ವಾಂಸರ ಜಗಳ ಇಲ್ಲಿ ಬೇಡ. ಪದದ ಅರ್ಥ ದ್ವೀಪ ಎಂದಷ್ಟೇ ಇರಬಹುದು: ತೆಲುಗರು ಗೋದಾವರಿಯ ನಡುಗಡ್ಡೆಗಳನ್ನು ಇವತ್ತಿಗೂ ‘ಲಂಕ’ ಎಂದೇ ಕರೆಯುತ್ತಾರೆ. ಕೋನಸೀಮೆಯಲ್ಲಿ ಅಂಥ ಊರುಗಳು ಎಷ್ಟೋ ಇವೆ. ದ್ವೀಪದ ಜನರೂ ತಮ್ಮ ನಾಡನ್ನು ಸಿಲೋನ್ ಎನ್ನುತ್ತಿರಲಿಲ್ಲ. ಸಿಂಹಳೀಯರಿಗೆ ಅದು ‘ಲಂಕಾವ’, ತಮಿಳರಿಗೆ ‘ಇಲಂಗೈ’.

1948ರಲ್ಲಿ ಸ್ವತಂತ್ರವಾದಾಗಲೂ ದೇಶದ ಇಂಗ್ಲಿಷ್ ಹೆಸರು ಸಿಲೋನ್ ಆಗಿಯೇ ಉಳಿಯಿತು. ಆದರೆ 1951ರಲ್ಲಿ ಬಂಡಾರನಾಯಕೆ ಕಟ್ಟಿದ ಪಕ್ಷಕ್ಕೆ ಆಗಲೇ ‘ಶ್ರೀಲಂಕಾ ಫ್ರೀಡಂ ಪಾರ್ಟಿ’ ಎಂದು ಹೆಸರಿತ್ತು. ಅದೇ ಪಕ್ಷದ ಪ್ರಧಾನಿಯಾಗಿದ್ದ ಅವರ ಪತ್ನಿ ಸಿರಿಮಾವೊ ಕಾಲದಲ್ಲಿ, 1972ರ ಮೇ 22ರಂದು, ದೇಶ ಗಣರಾಜ್ಯವಾಗಿ ಶ್ರೀಲಂಕಾ ಆಯಿತು. ಪರಕೀಯವೆಂದು ಕಳಚಿಟ್ಟ ಹೆಸರು ಹುಟ್ಟಿನಿಂದ ಸಿಂಹಳದ್ದೇ ಎಂಬುದು ತಮಾಷೆ.

ಪೂರ್ತಿ ಕಳಚಿಯೂ ಇಲ್ಲ. ಅಲ್ಲಿನ ಚಹಾ ಇಂದಿಗೂ ‘ಸಿಲೋನ್ ಟೀ’ ಎಂದೇ ಮಾರಾಟವಾಗುತ್ತದೆ. ಪೊಟ್ಟಣದ ಮೇಲಿನ ಮುದ್ರೆಯಲ್ಲಿ ಕತ್ತಿ ಹಿಡಿದ ಸಿಂಹವಿದೆ, ನೋಡಿ.