ಅರವರಿ ನದಿಯೂ ಎಪ್ಪತ್ತು ಹಳ್ಳಿಗಳೂ

ಬತ್ತಿಹೋದ ಹೊಳೆಯನ್ನು ತಿರಿಗಿ ಹರಿಯುವಂತೆ ಮಾಡುವದು ಮನುಷ್ಯನ ಕೈಯಲ್ಲಿಲ್ಲವೆಂದು ನಾವು ಸಾಧಾರಣವಾಗಿ ಎಣಿಸುತ್ತೇವೆ. ಮಳೆ ಬಂದರೆ ಹೊಳೆ ಹರಿಯುವದು, ಬಾರದಿದ್ದರೆ ಬತ್ತುವದು. ಇದರಲ್ಲಿ ಒಕ್ಕಲಿಗನು ಮಾಡತಕ್ಕದ್ದೇನು ಎಂದು ಕೇಳುವವರು ನಮ್ಮ ವಾಚಕರಲ್ಲಿಯೂ ಅನೇಕರಿರುವರು. ಅಂಥವರಿಗಾಗಿ ಈ ಸಾರಿ ರಾಜಸ್ಥಾನದ ಒಂದು ಸಣ್ಣ ನದಿಯ ಸಂಗತಿಯನ್ನು ವಿವರಿಸುವೆವು. ಅದರ ಹೆಸರು ಅರವರಿ. ಉದ್ದವು ಸುಮಾರು ೪೫ ಕಿಲೋಮೀಟರು ಮಾತ್ರ. ಕೃಷ್ಣೆ ತುಂಗಭದ್ರೆಗಳನ್ನು ಕಂಡವರು ಅದನ್ನು ಹಳ್ಳವೆಂದೇ ಕರೆದಾರು. ಆದರೂ ಅದರ ದಂಡೆಯ ಹಳ್ಳಿಯವರು ಅದನ್ನು ಪಡೆದ ಬಗೆಯೂ, ಪಡೆದದ್ದನ್ನು ಉಳಿಸಿಕೊಳ್ಳುವದಕ್ಕೆ ಪಟ್ಟ ಕಷ್ಟವೂ ತಿಳಿದುಕೊಳ್ಳತಕ್ಕವುಗಳಾಗಿವೆ.

ರಾಜಸ್ಥಾನದ ಈಶಾನ್ಯ ದಿಕ್ಕಿನಲ್ಲಿ ಅಲವರ ಎಂಬ ಜಿಲ್ಲೆಯುಂಟು. ಅರಾವಳಿ ಬೆಟ್ಟಗಳ ಸಾಲು ಅದರ ನಡುವೆ ಹಾದುಹೋಗುವದು. ಅಲ್ಲಿ ವರುಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು, ಅಂದರೆ ೨೪ ಅಂಗುಲ. ಇದು ನಮ್ಮ ಚಿತ್ರದುರ್ಗ ಬಳ್ಳಾರಿಗಳ ಕಡೆಯ ಮಳೆಗೆ ಹೆಚ್ಚುಕಡಿಮೆ ಸಮಾನವಾದದ್ದು. ಆದರೆ ಅದರ ಬಹುಭಾಗವು ಜುಲೈ ತಿಂಗಳಿಂದ ಸೆಪ್ಟೆಂಬರದ ವರೆಗೆ ಕೆಲವೇ ದಿವಸಗಳಲ್ಲಿ ರಭಸವಾಗಿ ಸುರಿದು, ಬೋಳುಬೆಟ್ಟಗಳ ಮೇಲಿಂದ ಮಣ್ಣನ್ನು ಕೊಚ್ಚಿಕೊಂಡು ಓಡಿಹೋಗುವದು. ಉಳಿದ ಒಂಭತ್ತು ತಿಂಗಳು ಬಿಸಿಲಿನದೇ ಆಳಿಕೆ.

ಪೂರ್ವಕಾಲದಲ್ಲಿ ಆ ಸೀಮೆಯವರು ಈ ಓಡುವ ನೀರನ್ನು ನಿಲ್ಲಿಸುವ ಉಪಾಯವನ್ನು ಬಲ್ಲವರಾಗಿದ್ದರು. ಅವರು ಊರೂರಿಗೆ ಜೋಹಡವೆಂಬದನ್ನು ಕಟ್ಟಿದ್ದರು. ಜೋಹಡವೆಂದರೆ ನಮ್ಮ ಬಯಲುಸೀಮೆಯ ಗೋಕಟ್ಟೆಯಂಥದು. ಇಳಿಜಾರಿನ ಕೆಳಭಾಗದಲ್ಲಿ ಅರ್ಧಚಂದ್ರಾಕಾರವಾಗಿ ಮಣ್ಣು ಕಲ್ಲುಗಳ ಏರಿಯನ್ನು ಹಾಕಿ, ಒಂದು ಪಕ್ಕದಲ್ಲಿ ಹೆಚ್ಚಿನ ನೀರು ಹೊರಗೆ ಹೋಗುವದಕ್ಕೆ ಕೋಡಿಯನ್ನು ಬಿಡುತ್ತಾರೆ. ನೋಡುವವನಿಗೆ ಅದು ದನ ಎಮ್ಮೆಗಳು ನೀರು ಕುಡಿಯುವ ಹೊಂಡವಾಗಿ ಮಾತ್ರ ಕಾಣುವದು. ಅದರ ನಿಜವಾದ ಕೆಲಸವು ಕಣ್ಣಿಗೆ ಕಾಣದು. ನಿಂತ ನೀರು ಮೆಲ್ಲಮೆಲ್ಲನೆ ನೆಲಕ್ಕೆ ಇಂಗುವದು. ಅರಾವಳಿಯ ಬಂಡೆಗಳಲ್ಲಿ ಬಿರುಕುಗಳು ಬಹಳವಾಗಿರುವದರಿಂದ ಅದು ಆ ಬಿರುಕುಗಳನ್ನು ಹಿಡಿದು ತಗ್ಗಿನ ಬಾವಿಗಳಿಗೆ ಮುಟ್ಟುವದು. ಮೇಲೆ ನಿಂತ ನೀರನ್ನು ಬಿಸಿಲು ಕುಡಿದು ಬಿಡುವದು, ನೆಲದೊಳಗೆ ಸೇರಿದ್ದನ್ನೋ ಕುಡಿಯಲಾರದು. ಜೋಹಡವು ಬತ್ತಿದ ಮೇಲೆ ಅದರ ತೇವದ ತಳದಲ್ಲಿ ಕಡಲೆ ಗೋದಿಗಳನ್ನು ಬಿತ್ತುವದುಂಟು. ಹೀಗೆ ಒಂದೇ ಏರಿಯಿಂದ ದನಕ್ಕೆ ನೀರು, ಬಾವಿಗೆ ಊಟೆ, ಮನೆಗೆ ಕಾಳು ದೊರೆಯುತ್ತಿದ್ದವು.

ಆದರೆ ಸ್ವಾತಂತ್ರ್ಯದ ಹಿಂದುಮುಂದಿನ ವರುಷಗಳಲ್ಲಿ ಬೆಟ್ಟಗಳ ಮರಗಳನ್ನು ಗುತ್ತಿಗೆದಾರರು ಕಡಿದು ಸಾಗಿಸಿದರು. ಮರ ಹೋದ ಮೇಲೆ ಮಣ್ಣು ಇಳಿಯಿತು, ಜೋಹಡಗಳಲ್ಲಿ ಹೂಳು ತುಂಬಿತು. ಕೆರೆ ಕಾಲಿವೆಗಳು ಸರಕಾರದ್ದು, ಅದರ ದುರಸ್ತಿಯೂ ಸರಕಾರದ್ದೇ ಎಂದು ಜನರು ಕೈಕಟ್ಟಿ ಕೂತರು. (ನಮ್ಮ ನಾಡಿನಲ್ಲಿಯೂ ನೀರುಗಂಟಿಯ ಕೆಲಸವು ತಪ್ಪಿ, ವರುಷಕ್ಕೊಮ್ಮೆ ಊರವರೆಲ್ಲರೂ ಸೇರಿ ಹೂಳೆತ್ತುವ ಪದ್ಧತಿಯು ನಿಂತು, ಎಷ್ಟು ಕೆರೆಗಳು ಜಾಲಿಯ ಅಡವಿಯಾಗಿವೆ ಎಂಬದನ್ನು ಬಲ್ಲವರು ಅಲವರದವರನ್ನು ನಿಂದಿಸಲಾರರು.) ಬಾವಿಗಳು ಬತ್ತಿದವು, ಅರವರಿಯು ಮಳೆಗಾಲದ ಕೆಲವು ದಿನಗಳು ಮಾತ್ರ ಹರಿದು ನಿಲ್ಲುವ ಮರಳಿನ ದಾರಿಯಾಯಿತು. ದುಡಿಯುವ ಗಂಡಸರು ಕೂಲಿಗಾಗಿ ಡಿಲ್ಲಿ ಅಹಮದಾಬಾದುಗಳಿಗೆ ಹೋದರು. ಊರಲ್ಲಿ ಮುದುಕರೂ ಮಕ್ಕಳೂ, ಕೊಡ ಹೊತ್ತು ದೂರ ನಡೆಯುವ ಹೆಂಗಸರೂ ಉಳಿದರು.

೧೯೮೫ನೆಯ ಇಸವಿ ಅಕ್ಟೋಬರ ತಿಂಗಳಲ್ಲಿ ಜಯಪುರದಿಂದ ರಾಜೇಂದ್ರ ಸಿಂಹ ಎಂಬ ತರುಣನು ನಾಲ್ವರು ಜತೆಗಾರರೊಂದಿಗೆ ಈ ಸೀಮೆಗೆ ಬಂದನು. ಇವರು ತರುಣ ಭಾರತ ಸಂಘದವರು. ಆತನು ಆಯುರ್ವೇದವನ್ನು ಓದಿದವನಾದದರಿಂದ ಔಷಧ ಕೊಡಬೇಕು, ಮಕ್ಕಳಿಗೆ ಓದು ಕಲಿಸಬೇಕು ಎಂಬದೇ ಅವರ ಉದ್ದೇಶವಾಗಿತ್ತು. ಹಳ್ಳಿಯವರು ಮೊದಲು ಇವರು ಯಾರೋ ಏನೋ ಎಂದು ಸಂಶಯಪಟ್ಟರು. ಆಗ ಗೋಪಾಲಪುರ ಎಂಬ ಹಳ್ಳಿಯ ಮಂಗು ಮೀಣಾ ಎಂಬ ಮುದುಕನು ಅವರಿಗೆ ಹೇಳಿದ್ದೇನಂದರೆ, ನಮಗೆ ಬೇಕಾದದ್ದು ಔಷಧವೂ ಅಲ್ಲ, ಪಾಠವೂ ಅಲ್ಲ, ನೀರು. ಮಾತು ಬಿಟ್ಟು ಜೋಹಡವನ್ನು ಅಗೆಯಿರಿ ಎಂಬದೇ. ಓದಿದವರು ಓದದವನ ಮಾತಿಗೆ ಕಿವಿಗೊಟ್ಟದ್ದು ಈ ಕಥೆಯಲ್ಲಿ ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ. ಅವರು ಸನಿಕೆ ಹಿಡಿದರು. ಕೆಲವು ದಿನ ಊರವರು ನೋಡುತ್ತಾ ನಿಂತರು, ಆ ಮೇಲೆ ಒಬ್ಬೊಬ್ಬರಾಗಿ ಬುಟ್ಟಿ ತಕ್ಕೊಂಡು ಬಂದರು. ಮಳೆ ಬಂದಾಗ ಜೋಹಡವು ತುಂಬಿತು, ತಗ್ಗಿನ ಬಾವಿಗಳಲ್ಲಿ ನೀರು ಏರಿತು. ಇದನ್ನು ಕಂಡು ಸುತ್ತಲ ಹಳ್ಳಿಯವರು, ನಮ್ಮಲ್ಲಿಯೂ ಮಾಡಬೇಕು ಎಂದರು.

ಈ ಕೆಲಸದ ಕ್ರಮವು ಗಮನಿಸತಕ್ಕದ್ದು. ಸಂಘದವರು ಯಾವ ಊರಿಗೂ ಜೋಹಡವನ್ನು ದಾನವಾಗಿ ಕಟ್ಟಿಕೊಡಲಿಲ್ಲ. ಮೊದಲು ಊರವರೆಲ್ಲರೂ ಗ್ರಾಮಸಭೆಯಾಗಿ ಕೂಡಿ ಒಮ್ಮನಸ್ಸಾಗಬೇಕು. ಎಲ್ಲಿ ಕಟ್ಟಬೇಕೆಂಬದನ್ನು ಗಜಧರರೆಂಬ ಊರಿನ ಮೇಸ್ತ್ರಿಗಳೂ, ಎಲ್ಲಿ ನೀರು ಹರಿಯುವದು ಎಲ್ಲಿ ನಿಲ್ಲುವದು ಎಂದು ದನ ಕಾಯುತ್ತಾ ಕಂಡ ಹಿರಿಯರೂ ಗೊತ್ತುಮಾಡಬೇಕು. ಖರ್ಚಿನ ಒಂದು ಪಾಲನ್ನು ಊರವರು ಮೈಕೆಲಸದಿಂದಲೋ ಕಲ್ಲು ಮಣ್ಣಿನಿಂದಲೋ ಸಲ್ಲಿಸಬೇಕು. ತನ್ನ ಬೆವರು ಬಿದ್ದ ಏರಿಯು ಒಡೆದರೆ ಮನುಷ್ಯನು ರಾತ್ರಿಯಲ್ಲಾದರೂ ಎದ್ದು ಹೋಗುವನು. ದಾನವಾಗಿ ಬಂದ ಏರಿಯು ಒಡೆದರೆ ಅರ್ಜಿ ಬರೆಯುವನು.

ಅರವರಿಯ ಹುಟ್ಟಿನ ಸ್ಥಳದಲ್ಲಿ ಭಾವಂತಾ ಕೋಲ್ಯಾಲಾ ಎಂಬ ಜೋಡಿ ಹಳ್ಳಿಗಳಿವೆ. ಅಲ್ಲಿಯವರು ಜೋಹಡಗಳನ್ನು ಮಾಡಿದ್ದಲ್ಲದೆ ಬೆಟ್ಟದ ಎರಡು ಕೋಡುಗಳ ನಡುವೆ ೨೪೪ ಮೀಟರು ಉದ್ದದ ಕಟ್ಟೆಯನ್ನೂ ಕಟ್ಟಿದರು. ಮರವಿಲ್ಲದೆ ನೀರು ನಿಲ್ಲದೆಂದು ಅರಿತು ೧೯೯೫ರಲ್ಲಿ ತಮ್ಮ ಬೆಟ್ಟದ ಅಡವಿಯನ್ನು ಊರವರೇ ಕಾಯುವ ಅಭಯಾರಣ್ಯವೆಂದು ಸಾರಿ, ಅಲ್ಲಿ ಹಸಿಮರಕ್ಕೆ ಕೊಡಲಿ ಹಾಕಬಾರದೆಂದು ನೇಮಿಸಿದರು.

ಆದರೆ ಹತ್ತಿರದ ಸರಿಸ್ಕಾ ಅಡವಿಯ ಮಗ್ಗುಲಲ್ಲಿ ಒಂದು ವಿಪರೀತವು ಕಂಡುಬಂತು. ಮಳೆ ಬಂದರೂ ಕೆಲವು ಜೋಹಡಗಳಲ್ಲಿ ನೀರು ನಿಲ್ಲಲಿಲ್ಲ. ವಿಚಾರಿಸಿ ನೋಡಿದಾಗ ಅಮೃತಶಿಲೆಯ ಗಣಿಗಳ ಆಳವಾದ ಗುಂಡಿಗಳು ನೆಲದೊಳಗಿನ ನೀರನ್ನು ಎಳೆಯುತ್ತಿದ್ದವೆಂದು ಗೊತ್ತಾಯಿತು. ಸಂಘದವರು ಸುಪ್ರೀಂ ಕೋರ್ಟಿಗೆ ಮೊರೆಯಿಟ್ಟರು. ೧೯೯೧ರಲ್ಲಿ ನ್ಯಾಯಾಲಯವು ಆ ಕಾಯ್ದಿಟ್ಟ ಅಡವಿಯೊಳಗೆ ಗಣಿ ಅಗೆಯುವದನ್ನು ತಡೆಯಿತು.

ಹೀಗೆ ಅರವರಿಯ ಕಣಿವೆಯಲ್ಲಿ ೩೦೦ಕ್ಕೂ ಮೇಲ್ಪಟ್ಟು ಜೋಹಡಗಳೂ ಕಟ್ಟೆಗಳೂ ಎದ್ದವು. ಒಂದೂ ನದಿಗೆ ಅಡ್ಡವಾಗಿ ಕಟ್ಟಿದ ದೊಡ್ಡ ಅಣೆಕಟ್ಟಲ್ಲ; ನದಿಯನ್ನು ತರಬೇಕೆಂದು ಯಾರೂ ಹೊರಡಲೂ ಇಲ್ಲ. ಬಾವಿಗಳು ತುಂಬಿದವು, ಬಾವಿಗಳಿಗಿಂತ ಹೆಚ್ಚಾದ ನೀರು ನೆಲದಿಂದ ಒಸರಿ ನದಿಯ ಪಾತ್ರೆಗೆ ಇಳಿಯಿತು. ಮಳೆಗಾಲ ದಾಟಿದ ಮೇಲೂ ಪ್ರವಾಹವು ವರುಷ ವರುಷಕ್ಕೆ ಕೆಲವು ತಿಂಗಳು ಹೆಚ್ಚಾಗುತ್ತಾ ಬಂದು, ೧೯೯೫ರ ಸುಮಾರಿಗೆ ಅರವರಿಯು ವರುಷವೆಲ್ಲಾ ಹರಿಯಿತು. ಅಲ್ಲಿಯ ತರುಣರು ಅದನ್ನು ಆ ವರೆಗೆ ಕಂಡಿರಲಿಲ್ಲ.

ಕಥೆಯು ಇಲ್ಲಿಗೆ ಮುಗಿದಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ. ಯಾಕಂದರೆ ಕಷ್ಟವು ನೀರು ಬಂದ ಮೇಲೆಯೇ ಆರಂಭವಾಯಿತು. ನೀರಿದ್ದಲ್ಲಿ ಮೀನು ಹುಟ್ಟಿತು. ಬತ್ತಿದ ಹೊಳೆಯನ್ನು ಕೇಳುವವರಿದ್ದಿಲ್ಲ, ಮೀನಿರುವ ಹೊಳೆಗೆ ಒಡೆಯರು ಬಂದರು. ೧೯೯೬ರಲ್ಲಿ ಸರಕಾರವು ಅರವರಿಯ ಮೀನು ಹಿಡಿಯುವ ಹಕ್ಕನ್ನು ಒಬ್ಬ ಗುತ್ತಿಗೆದಾರನಿಗೆ ಕೊಟ್ಟಿತು. ಹಮೀರಪುರ ಮುಂತಾದ ಹಳ್ಳಿಗಳವರು ಎದ್ದುನಿಂತು, ಈ ದಿನ ಮೀನು, ನಾಳೆ ನೀರೇ ಗುತ್ತಿಗೆಗೆ ಹೋಗುವದೆಂದು ವಿರೋಧಿಸಿದ್ದರಿಂದ ಆ ಗುತ್ತಿಗೆಯು ರದ್ದಾಯಿತು. ಆದರೆ ಹೊರಗಿನವನನ್ನು ತಡೆಯುವದು ಸುಲಭ. ತನ್ನ ನೆರೆಯವನು ಹೊಳೆಗೆ ಎಂಜಿನನ್ನಿಟ್ಟು ಕಬ್ಬಿಗೆ ನೀರು ಹಾಯಿಸಿದರೆ ತಡೆಯುವವರಾರು? ಒಂದು ಹಳ್ಳಿಯ ಗ್ರಾಮಸಭೆಯ ಮಾತು ಮೇಲಿನ ಹಳ್ಳಿಯಲ್ಲಿ ನಡೆಯುವದೇ?

ಈ ಕಾರಣದಿಂದ ೧೯೯೮ರ ಡಿಸೆಂಬರದಲ್ಲಿ ಹಮೀರಪುರದಲ್ಲಿ ಹಳ್ಳಿಗಳವರು ಕೂಡಿಬಂದು ಆಲೋಚನೆಮಾಡಿದರು. ೧೯೯೯ನೆಯ ಇಸವಿ ಜನವರಿ ೨೬ರಲ್ಲಿ ಅರವರಿ ಸಂಸತ್ತೆಂಬ ಸಭೆಯನ್ನು ಸ್ಥಾಪಿಸಿದರು. ಕಣಿವೆಯ ಸುಮಾರು ೭೦ ಹಳ್ಳಿಗಳು ತಮ್ಮ ತಮ್ಮ ಗ್ರಾಮಸಭೆಯಿಂದ ಆರಿಸಿದವರನ್ನು ಅದಕ್ಕೆ ಕಳುಹಿಸುವದು, ಸಭೆಯು ವರುಷಕ್ಕೆ ಎರಡು ಸಾರಿ ಕೂಡುವದು ಎಂದು ಗೊತ್ತಾಯಿತು. ಆ ಸಭೆ ಮಾಡಿದ ಕಟ್ಟಳೆಗಳಲ್ಲಿ ಮುಖ್ಯವಾದವುಗಳು ಯಾವವೆಂದರೆ, ಹೆಚ್ಚು ನೀರು ಕುಡಿಯುವ ಕಬ್ಬನ್ನೂ ಬತ್ತವನ್ನೂ ಬೆಳೆಯಬಾರದು; ಹೋಳಿಹುಣ್ಣಿವೆಯ ಮೇಲೆ ಮಳೆಗಾಲದ ವರೆಗೆ ನದಿಯಿಂದ ನೇರವಾಗಿ ನೀರೆತ್ತಬಾರದು; ಆಳವಾದ ಕೊಳವೆಬಾವಿಗಳನ್ನು ಕೊರೆಯಬಾರದು; ಹಸಿಮರವನ್ನು ಕಡಿಯಬಾರದು. ಕೋಲಾರದ ಕಡೆ ಸಾವಿರ ಅಡಿಗೂ ಮಿಕ್ಕಿ ಕೊಳವೆ ಇಳಿಸಿ ಒಣಧೂಳನ್ನು ಕಂಡ ನಮ್ಮ ರೈತರಿಗೆ ಈ ಮೂರನೆಯ ಕಟ್ಟಳೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಬ್ಬಿಗೆ ಎಷ್ಟು ಹಣ ಸಿಕ್ಕುವದೆಂಬದನ್ನು ಬಲ್ಲವರು ಇಲ್ಲಿ ಸ್ವಲ್ಪ ನಿಂತು ಯೋಚಿಸಲಿ. ಎರಡು ತಲೆಗಳಿಂದ ಬರಗಾಲವನ್ನು ಕಂಡ ಮನುಷ್ಯನು, ಬಾವಿ ತುಂಬಿದ ಮೇಲೆ, ಕಡಲೆ ಮೆಕ್ಕೆಜೋಳಗಳೇ ಸಾಕೆಂದು ಒಪ್ಪಬೇಕು. ಅದೂ ಸರಕಾರದ ಕಾನೂನಿಗೆ ಹೆದರಿ ಅಲ್ಲ. ಯಾಕಂದರೆ ಈ ಸಂಸತ್ತಿಗೆ ಕಾನೂನಿನ ಅಧಿಕಾರವೇ ಇರಲಿಲ್ಲ. ಅದಕ್ಕೆ ಪೊಲೀಸರಿಲ್ಲ, ಜೇಲಿಲ್ಲ. ಅದಕ್ಕಿದ್ದ ಬಲವು ನಾಲ್ಕು ಜನರ ಮುಂದೆ ಕೊಟ್ಟ ಮಾತು ಮಾತ್ರ. ಮಣ್ಣು ಹೊರುವ ದಿನ ಎಲ್ಲರೂ ಉತ್ಸಾಹದಿಂದ ಬರುವರು; ಬೇಸಿಗೆಯಲ್ಲಿ ಹತ್ತಿರವೇ ಹರಿಯುವ ನೀರನ್ನು ಮುಟ್ಟದೆ ಬಿಡುವದಕ್ಕೆ ಬೇಕಾದ ಗಟ್ಟಿತನವು ಬೇರೆ ತರದ್ದು ಎಂದು ನಾವು ಎಣಿಸುತ್ತೇವೆ.

ರಾಜೇಂದ್ರ ಸಿಂಹರಿಗೆ ೨೦೦೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ೨೦೧೫ರಲ್ಲಿ ಸ್ಟಾಕ್‌ಹೋಮ್ ಜಲಪ್ರಶಸ್ತಿಯೂ ದೊರೆತವು. ಆ ೨೦೦೧ರಲ್ಲಿಯೇ ಅಲವರ ಜಿಲ್ಲೆಯ ಲಾವಾ ಕಾ ಬಾಸ್ ಎಂಬ ಊರವರು ಕಟ್ಟಿದ ಕಟ್ಟೆಯನ್ನು ಒಡೆಯಬೇಕೆಂದು ನೀರಾವರಿ ಇಲಾಖೆಯವರು ಹೊರಟರು. ಮೇಲೆ ತಡೆದ ನೀರು ಕೆಳಗಿನ ಭರತಪುರದವರಿಗೆ ಸಲ್ಲತಕ್ಕದ್ದೆಂಬದು ಇಲಾಖೆಯ ವಾದವಾಗಿತ್ತು. ಹಳ್ಳಿಯವರೋ, ನಮ್ಮ ಹೊಲದ ಮೇಲೆ ಬಿದ್ದ ಮಳೆಯನ್ನು ನಾವು ನಿಲ್ಲಿಸಿಕೊಂಡೆವು ಎಂದರು. ನಮ್ಮ ಒಲವು ಹಳ್ಳಿಯವರ ಕಡೆಗಿದ್ದರೂ ಇಲಾಖೆಯವರು ಎತ್ತಿದ ಪ್ರಶ್ನೆಯನ್ನು ಸುಳ್ಳೆಂದು ತಳ್ಳಿಬಿಡಲಾಗದು.

ಆ ಪ್ರಶ್ನೆಯು ಅರವರಿಗೂ ಸಂಬಂಧಪಟ್ಟದ್ದೇ. ಆಸ್ಟ್ರೇಲಿಯ ದೇಶದ ವಿದ್ವಾಂಸರು ಅರವರಿಯ ಕಣಿವೆಯಲ್ಲಿ ಬಾವಿಗಳನ್ನೂ ಜೋಹಡಗಳನ್ನೂ ಅಳೆದು ಲೆಕ್ಕಹಾಕಿ, ೨೦೧೦ರಲ್ಲಿಯೂ ೨೦೧೧ರಲ್ಲಿಯೂ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಜೋಹಡಗಳಿಂದ ನೆಲದೊಳಗಿನ ನೀರು ಹೆಚ್ಚುವದು, ಹೆಚ್ಚು ಹೊಲಗಳು ಬೆಳೆಯಾಗುವವು ಎಂಬದನ್ನು ಅವರು ಒಪ್ಪಿದರು. ಆದರೆ ಏರಿಗಳು ಹೆಚ್ಚಿದಷ್ಟು ಕೆಳಗೆ ಹರಿದುಹೋಗುವ ನೀರು ಕಡಿಮೆಯಾಗುವದೆಂದೂ ತೋರಿಸಿದರು. ಅರವರಿಯು ಕೊನೆಗೆ ಸೈಂಥಲ ಸಾಗರವೆಂಬ ಕಟ್ಟೆಯನ್ನು ಸೇರುವದು. ಎಪ್ಪತ್ತು ಹಳ್ಳಿಗಳ ಸಂಸತ್ತು ಆ ಕಟ್ಟೆಯಿಂದ ಮೇಲಣ ಕಣಿವೆಯದು. ಅದರ ಕೆಳಗೂ ಹಳ್ಳಿಗಳಿವೆ, ಅಲ್ಲಿಯೂ ಬಾವಿಗಳಿವೆ.