ಕಾರ್ನಿಯಾ ಬದಲಿಸಲು ಅವಸರ ಬೇಡ

ಗದ್ದೆಯ ಕೆಸರು ನೀರು ಕಣ್ಣಿಗೆ ಸಿಡಿದ ತಮ್ಮನಿಗೆ ಎರಡು ತಿಂಗಳಿಂದ ನಿದ್ದೆಯಿಲ್ಲ. ಪರೀಕ್ಷೆಯಲ್ಲಿ ಅಕಾಂತಮೀಬಾ ಸೋಂಕು ಪತ್ತೆಯಾಗಿದೆ. ‘ಬೇಗ ಕಾರ್ನಿಯಾ ಕಸಿ ಮಾಡಿಸಿಬಿಡಬಹುದೇ?’ ಎಂಬುದು ಅಕ್ಕನ ಪ್ರಶ್ನೆ.

ಈಗಲೇ ಬೇಡ.

ಈ ಅಮೀಬಾ ಮಣ್ಣಿನಲ್ಲೂ ಇದೆ, ನಲ್ಲಿ ನೀರಿನಲ್ಲೂ ಇದೆ. ಪಶ್ಚಿಮದ ದೇಶಗಳಲ್ಲಿ ಇದು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಕಾಯಿಲೆ. ಭಾರತದ ರೋಗಿಗಳಲ್ಲಿ ಹೆಚ್ಚಿನವರು ಲೆನ್ಸ್ ಮುಟ್ಟಿದವರೇ ಅಲ್ಲ. ಕೆಸರು, ಹುಲ್ಲಿನ ಗರಿ, ಕೊಳೆ ನೀರು, ಇಷ್ಟೇ ಸಾಕು. ಪರಿಸ್ಥಿತಿ ಕೆಟ್ಟಾಗ ಅಮೀಬಾ ಎರಡು ಪದರದ ಗಟ್ಟಿ ಕೋಶ ಕಟ್ಟಿಕೊಂಡು ಒಳಗೆ ಅಡಗುತ್ತದೆ. ಆದ್ದರಿಂದಲೇ ಪಿಎಚ್‌ಎಂಬಿ, ಕ್ಲೋರ್‌ಹೆಕ್ಸಿಡಿನ್ ಹನಿಗಳನ್ನು (ಸಾಮಾನ್ಯವಾಗಿ ಶೇ 0.02) ಮೊದಲ ದಿನಗಳಲ್ಲಿ ಹಗಲೂ ರಾತ್ರಿ ಗಂಟೆಗೊಮ್ಮೆ, ಆಮೇಲೆ ತಿಂಗಳುಗಟ್ಟಲೆ ಹಾಕಬೇಕಾಗುತ್ತದೆ. ಬೇಸರದ ಕೆಲಸ, ನಿಜ. ಔಷಧದಂಗಡಿಯವರು ಕೊಡುವ ಸ್ಟೀರಾಯ್ಡ್ ಹನಿಯಿಂದ ಉರಿ ತಗ್ಗಿದಂತೆ ಕಂಡರೂ ಒಳಗೆ ಸೋಂಕು ಬಲಿಯಬಹುದು.

ಅಮೀಬಾ ಜೀವಂತವಿರುವಾಗ ಕಸಿ ಮಾಡಿದರೆ ದಾನಿಯ ಹೊಸ ಕಾರ್ನಿಯಾಕ್ಕೂ ಅದು ಹಬ್ಬಬಹುದು. ಸೋಂಕಿನಿಂದ ಕಾರ್ನಿಯಾದಲ್ಲಾದ ಹುಣ್ಣು ತೂತು ಬಿದ್ದರೆ, ಅಥವಾ ಔಷಧಕ್ಕೆ ಬಗ್ಗದೆ ಹರಡುತ್ತಿದ್ದರೆ ಮಾತ್ರ ಕಣ್ಣುಗುಡ್ಡೆ ಉಳಿಸಲು ತುರ್ತು ಕಸಿ. ಇಲ್ಲವಾದರೆ ಸೋಂಕು ಅಳಿದು, ಕಣ್ಣು ಕೆಲವು ತಿಂಗಳು ಶಾಂತವಾಗಿದ್ದ ಮೇಲೆ, ಉಳಿದ ಬಿಳಿ ಕಲೆಗಾಗಿ ಕಸಿ. ಆಗ ದೃಷ್ಟಿ ಮರಳುವ ಸಾಧ್ಯತೆ ಹೆಚ್ಚು.

ಕಸಿಯ ನಂತರವೂ ಕೆಲಸ ಮುಗಿಯದು. ಕೂದಲಿಗಿಂತ ಸಣ್ಣ ನೈಲಾನ್ ಹೊಲಿಗೆಗಳು ಒಂದು ವರ್ಷದವರೆಗೂ ಇರಬಹುದು. ಕಣ್ಣು ಕೆಂಪಾದರೆ, ಮಂಜಾದರೆ, ಬೆಳಕು ಚುಚ್ಚಿದರೆ ತಮ್ಮನನ್ನು ಅದೇ ದಿನ ವೈದ್ಯರ ಬಳಿ ಕರೆದೊಯ್ಯಬೇಕು.